ಸೈನ್ಯಕ್ಕೂ ಪೂರೈಸಲಾಗುವುದು

“‘ಹೌದು, ಸೈನ್ಯಕ್ಕೂ ಬರುತ್ತದೆ, ಎಷ್ಟು ಬೇಕಾದರೂ ಪೂರೈಸಲಾಗುವುದು!’ ಇದನ್ನ ನೀವೇ ಬರೆದದ್ದಾ?” ಬೆಂಗಳೂರಿನಿಂದ ಬಂದ ಅಧಿಕಾರಿ ಶಶಿಕಾಂತ ಜೀಪಿನಿಂದ ಇಳಿಯುತ್ತಲೇ ರಫ್ತು ಪರವಾನಗಿಯ ಅರ್ಜಿಯನ್ನು ಹಾಲೇಶಪ್ಪನ ಮುಖದ ಮುಂದೆ ಹಿಡಿದರು.

“ಹೌದ್ರಿ, ನಾನ ಬರದದ್ದು,” ಎಂದ ಹಾಲೇಶಪ್ಪ, ಅದೂ ಹೆಮ್ಮೆಯಿಂದ. ಅಪ್ಪನ ಕಾಲದಿಂದ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ಮನುಷ್ಯ. ಕೊಳ್ಳುವವರು ಏನೇ ಕೇಳಲಿ, ‘ಇಲ್ಲ’ ಎನ್ನುವ ಮಾತು ಆ ಬಾಯಿಂದ ಬಂದದ್ದೇ ಇಲ್ಲ. ಈಗ ಮೋಟೆಬೆನ್ನೂರಿನ ಹೆದ್ದಾರಿ ಪಕ್ಕ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆ ಹಾಕಿ, ಮೊದಲ ಎಂಟು ಡ್ರಮ್ಮುಗಳನ್ನು ಹೊರದೇಶದ ಲಿಪ್‌ಸ್ಟಿಕ್ ಕಂಪನಿಗೆ ಕಳಿಸಲು ಹೊರಟಿದ್ದ. ಅರ್ಜಿಯಲ್ಲಿ ‘ಸೈನಿಕ ಉಪಯೋಗಕ್ಕೆ ಬರುತ್ತದೆಯೇ?’ ಎಂದು ಕೇಳಿದ್ದರು. ಪಾಪ, ಸಿಪಾಯಿಗಳೂ ಸಾರು ಉಣ್ಣುವವರೇ ಅಲ್ಲವೇ ಎಂದುಕೊಂಡು ಬರೆದೇಬಿಟ್ಟಿದ್ದ.

“ರೀ ಸ್ವಾಮಿ, ಮೆಣಸಿನಕಾಯಿ ರಸದಿಂದ ಕಣ್ಣುರಿಸೋ ಗ್ಯಾಸ್ ಮಾಡ್ತಾರೆ! ಅಡುಗೆಗೂ ಬರುತ್ತೆ, ಯುದ್ಧಕ್ಕೂ ಬರುತ್ತೆ ಅನ್ನೋ ಮಾಲನ್ನ ಸರ್ಕಾರ ಸುಮ್ಮನೆ ದೇಶ ದಾಟಿಸೋಲ್ಲ. ನಿಮ್ಮ ಡ್ರಮ್ಮು...” ಮುಂದಿನದೆಲ್ಲ ಸೀನಿನಲ್ಲಿ ಹೋಯಿತು. “ಆಕ್ಷೀ!”

ಹಾಲೇಶಪ್ಪ ಡ್ರಮ್ಮುಗಳತ್ತ ತಿರುಗಿ ನೋಡಿದ. ಹಡಗು ಹೊರಡುವುದು ಭಾನುವಾರ. ಅದು ತಪ್ಪಿದರೆ ಬೇರೆಯವರ ಮಾಲು ಕೊಳ್ಳುತ್ತೇವೆ ಎಂದು ಕಂಪನಿಯವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. “ನಮ್ಮ ಕಾಯಿಗೆ ಖಾರನ ಇಲ್ರಿ ಸಾಹೇಬ್ರ, ಬರೇ ಬಣ್ಣ!”

“ಆಕ್ಷೀ!”

“ಸಣ್ಣ ಹುಡುಗ್ರೂ ಕಡಕೊಂಡು ತಿಂತಾವ್ರಿ!”

“ಆಕ್ಷೀ! ಆಕ್ಷೀ!” ಶಶಿಕಾಂತರ ಕಣ್ಣು, ಮೂಗು ಎರಡೂ ಕೆಂಪಾದವು. “ಖಾರ ಇಲ್ವಾ? ಬಾಗಿಲಲ್ಲೇ ನನ್ನ ಪಾಡು ಹೀಗಾಗಿದೆ!”

“ಅದು ಧೂಳ್ರಿ, ಧೂಳು!” ಹಾಲೇಶಪ್ಪ ಅಂಗಲಾಚಿದ. ಅತ್ತ ಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದ ಹೆಣ್ಣಾಳುಗಳು ಸೆರಗು ಬಾಯಿಗೆ ಒತ್ತಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಅವರ ನಡುವಿನಿಂದ ಕರೆವ್ವ ಎದ್ದು ಬಂದಳು. ಮೂವತ್ತು ವರ್ಷ ತೊಟ್ಟು ಮುರಿದೇ ಬೆರಳು ಕೆಂಪು ಮಾಡಿಕೊಂಡವಳು.

“ಸಾವ್ಕಾರ್ರ, ಒಂಚೂರು ಸರೀರಿ. ಇದು ಖರೇನ ತುಟಿಗಿ ಹಚ್ಚೂದೇನ್ರಿ?” ಎಂದವಳೇ, ಉತ್ತರಕ್ಕೂ ಕಾಯದೆ, ತಪಾಸಣೆಗೆಂದು ಬಾಗಿಲಲ್ಲಿ ಇಟ್ಟಿದ್ದ ಬಣ್ಣದ ಮಾದರಿ ಸೀಸೆಯಲ್ಲಿ ಕಿರುಬೆರಳು ಅದ್ದಿ, ಮೇಲ್ದುಟಿಗೊಮ್ಮೆ, ಕೆಳದುಟಿಗೊಮ್ಮೆ ಸವರಿಯೇಬಿಟ್ಟಳು. ಎಲ್ಲರೂ ಕತ್ತು ಚಾಚಿ ನೋಡಿದರು. ಶಶಿಕಾಂತರ ಸೀನು ಕೂಡ ಮೂಗಿನ ತುದಿಯಲ್ಲೇ ನಿಂತಿತು.

“ಉರೀತಾ ಇದೆಯೇನಮ್ಮ?”

“ನಮ್ಮತ್ತಿ ಮಾತಿನಷ್ಟೂ ಉರಿಯೂದಿಲ್ರಿ.”

ಗೊಳ್ಳೆಂದು ನಗು ಎದ್ದಿತು. ಕರೆವ್ವ ಜೀಪಿನ ಕನ್ನಡಿಯನ್ನು ತನ್ನತ್ತ ತಿರುಗಿಸಿಕೊಂಡು ನೋಡಿದಳು. ಅಯ್ಯಯ್ಯ, ಎಂಥ ಬಣ್ಣ! ಐವತ್ತೈದು ವರ್ಷಗಳಲ್ಲಿ ಒಮ್ಮೆಯೂ ಕಾಣದ ತನ್ನ ಮುಖ. “ನನಗೊಂದೀಟು, ನನಗೊಂದೀಟು,” ಎನ್ನುತ್ತ ಹೆಣ್ಣಾಳುಗಳೆಲ್ಲ ಸೀಸೆಗೆ ಮುತ್ತಿದರು. ಹಾಲೇಶಪ್ಪನಿಗೂ ಚಿಂತೆ ಮರೆತು ನಗು ತಡೆಯಲಾಗಲಿಲ್ಲ. ಶಶಿಕಾಂತರು ಹೊಟ್ಟೆ ಹಿಡಿದುಕೊಂಡು ನಕ್ಕು, ಸೀನಿ, ಮತ್ತೆ ನಕ್ಕು, ಜೀಪಿನ ಬಾನೆಟ್ಟಿನ ಮೇಲೆ ಅರ್ಜಿ ಹರಡಿದರು. ಸೈನ್ಯದ ಸಾಲನ್ನು ಹೊಡೆದುಹಾಕಿ, ‘ತುಟಿಗೆ ಹಚ್ಚಲು. ಕಣ್ಣಾರೆ ನೋಡಿದ್ದೇನೆ’ ಎಂದು ಬರೆದು ಮೊಹರು ಒತ್ತಿದರು.

“ಕೊನೇದೊಂದು ಪ್ರಶ್ನೆ ಉಳೀತು. ಇದರಿಂದ ಯಾರಿಗಾದರೂ ಅಪಾಯ ಉಂಟಾ?”

“ಇಲ್ರಿ! ಇಲ್ಲ, ಇಲ್ಲ, ಇಲ್ಲ!” ಹಾಲೇಶಪ್ಪ ಜೀವಮಾನದ ‘ಇಲ್ಲ’ಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಕರೆವ್ವ ಕನ್ನಡಿಯಿಂದ ಕಣ್ಣು ಕೀಳಲೇ ಇಲ್ಲ. ಗದ್ದವನ್ನು ತುಸು ಓರೆ ಮಾಡಿ, ಕೆಂಪು ತುಟಿಗಳನ್ನು ಒಂದಕ್ಕೊಂದು ಒತ್ತಿ, “ಅಷ್ಟು ಲಗೂ ಬರೀಬ್ಯಾಡ್ರಿ ಸಾಹೇಬ್ರ,” ಎಂದಳು. “ನಮ್ಮ ಮನಿಯವ್ರು ಇನ್ನೂ ನೋಡಿಲ್ಲ.”