ಒಂದರಿಂದ ಎರಡಕ್ಕೆ

"ಕೊನೆಗೂ ಬಗ್ಗಿತು ನೋಡು ಮಾರಾಯ್ತಿ!" ಎಂದು ಕ್ಲೈವ್ ಮೇಜು ಕುಟ್ಟಿದ. ಮೂರು ದಿನದಿಂದ ಟೇಪ್ ಓಡಿಸುವ ಹಳೆಯ ಕಂಟ್ರೋಲರ್ ಕಾರ್ಡಿನ ಗುರುತೇ ಇಲ್ಲದಂತೆ ಕೂತಿದ್ದ ಹೊಸ ಮದರ್‌ಬೋರ್ಡು ಈಗ ಎರಡೂ ಟೇಪ್ ಡ್ರೈವುಗಳನ್ನು ಒಪ್ಪಿಕೊಂಡಿತ್ತು. ಕಾಲ್ಗೂರ್ಲಿಯ ಆ ಚಿನ್ನದ ಗಣಿಯಲ್ಲಿ ನೀರು ತುಂಬಿ ನಿಂತ ಹಳೆಯ ಸುರಂಗಗಳ ನಕ್ಷೆ ಉಳಿದಿದ್ದು ಎಡಗಡೆಯ ಟೇಪಿನಲ್ಲಿ ಮಾತ್ರ. ಎಡಗಡೆಯದು ಒಂದು, ಬಲಗಡೆಯದು ಎರಡು; ಒಂದರಿಂದ ಎರಡಕ್ಕೆ ನಕಲು ಎಂದು, ಹದಿನೈದು ವರ್ಷದ ರೂಢಿಯಂತೆ, ಕ್ಲೈವ್ ಕಣ್ಣುಮುಚ್ಚಿ ಒತ್ತಿದ.

ಸರ್ವೇಯರ್ ನೊರೀನ್ ಆಗಲೇ ಗಣಿಯೊಳಕ್ಕೆ ಫೋನು ಮಾಡಿದ್ದಳು. "ನಕ್ಷೆ ಸಿಕ್ತು ಕಣ್ರೋ, ಕೊರೆಯೋಕೆ ಶುರು ಮಾಡಿ. ನೀರಿನ ಸುರಂಗ ಒಡೆಯೋ ಮುಂಚೆ ಎಲ್ಲಿ ನಿಲ್ಲಿಸ್ಬೇಕು ಅಂತ ಅರ್ಧ ಗಂಟೇಲಿ ಹೇಳ್ತೀನಿ."

"ಇವತ್ತಿನ ಬಿಯರ್ ನಿನ್ನ ಖರ್ಚೇ," ಎಂದ ಕ್ಲೈವ್. ಅವಳು ನಗುತ್ತಲೇ ಎಡಗಡೆಯ ಡ್ರೈವಿನತ್ತ ತಿರುಗಿದಳು. ಓದುವಾಗ ಹಸಿರು ದೀಪ, ಬರೆಯುವಾಗ ಕೆಂಪು. ಅಲ್ಲಿ ಉರಿಯುತ್ತಿದ್ದುದು ಕೆಂಪು.

"ಕ್ಲೈವ್, ಖಾಲಿ ಟೇಪು ಯಾವುದ್ರಲ್ಲಿದೆ?"

"ಬಲಗಡೆ, ಎರಡನೇದ್ರಲ್ಲಿ." ಅವನು ಪರದೆಯತ್ತ ಬಗ್ಗಿ ನೋಡಿದ. "ಅಯ್ಯೋ, ಈ ದರಿದ್ರ ಬೋರ್ಡು ಆ ತುದಿಯಿಂದ ಎಣಿಸಿದೆ ಕಣೇ. ಇದಕ್ಕೆ ಬಲಗಡೇದೇ ಒಂದು!"

ಅವನು ವೈರು ಕಿತ್ತ. ಅವಳು ಮತ್ತೆ ಫೋನು ಮಾಡಿದಳು. ಕೆಳಗೆ ಗಂಟೆ ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮೇಜಿನ ಮೇಲೆ, ಲೋಟದೊಳಗಿನ ಚಹಾ ಸಣ್ಣಗೆ ನಡುಗತೊಡಗಿತು.