ಎಂಟನೇ ರೀಲು

ಪೂರ್ತಿ ಓದುವುದಾದರೆ ಮಾತ್ರ ಓದಿ... ಚಿಕ್ಕ ಕಥೆ, ಆದರೆ ಮೊನ್ನೆಯಿಂದ ಮನಸ್ಸಿನಿಂದ ಇಳಿಯುತ್ತಿಲ್ಲ.

ಕೊಟ್ರೇಶಪ್ಪ ದಾವಣಗೆರೆಯ ಹಳೇ ಥಿಯೇಟರೊಂದರಲ್ಲಿ ಮೂವತ್ತು ವರ್ಷ ಸಿನಿಮಾ ಓಡಿಸಿದ ಆಪರೇಟರ್.

ಅವನ ಒಬ್ಬನೇ ಮಗ ಮೂರು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡ. ಮಗುವಿನ ಪಕ್ಕದಲ್ಲೇ ಕೂತಿದ್ದ ಹೆಂಡತಿ ನಿಂಬಕ್ಕನಿಗೆ ಮಧ್ಯಾಹ್ನ ಅರೆಗಳಿಗೆ ಕಣ್ಣು ಹತ್ತಿತ್ತು... ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಾನು ಮಲಗಬಾರದಿತ್ತು" ಅಂದಳು. ಅದೊಂದೇ ಮಾತು. ಅವಳು ಅತ್ತಿದ್ದನ್ನು ಯಾರೂ ನೋಡಲಿಲ್ಲ.

ಆರು ತಿಂಗಳು ಹೊಸ್ತಿಲು ದಾಟದವಳನ್ನು ಒಂದು ಭಾನುವಾರ ಹೇಗೋ ಒಪ್ಪಿಸಿ ಥಿಯೇಟರಿಗೆ ಕರೆತಂದ. ಅವತ್ತು ಬೆಳಗ್ಗೆ ಫಿಲ್ಮ್ ಸೊಸೈಟಿಯವರ ಶೋ... ಯಾವುದೋ ದೂರದೇಶದ ಕಪ್ಪುಬಿಳುಪು ಸಿನಿಮಾ.

ಯುದ್ಧದಲ್ಲಿ ಕೈತಪ್ಪಿದ ಮಗನನ್ನು ಹುಡುಕುತ್ತಾ ಒಬ್ಬ ತಾಯಿ ಊರೂರು ಅಲೆಯುವ ಕಥೆ. ಮೊದಲೇ ಗೊತ್ತಿದ್ದರೆ ಕರೆತರುತ್ತಲೇ ಇರಲಿಲ್ಲ.

ರೀಲಿನ ಪೆಟ್ಟಿಗೆ ತರುವ ಬಸ್ಸು ಅವತ್ತೇ ತಡವಾಗಬೇಕೇ... ಶೋ ಶುರುವಾಗಿದ್ದೇ ತಡ. ಮ್ಯಾಟಿನಿಗೆ ಹೊಸ ಕನ್ನಡ ಸಿನಿಮಾ, ಗೇಟಿನ ಹೊರಗೆ ನೂಕುನುಗ್ಗಲು. ಮಾಲೀಕ ಕ್ಯಾಬಿನ್ನಿಗೇ ಹತ್ತಿ ಬಂದ.

"ಕೊಟ್ರೇಶಿ, ಒಂದು ರೀಲು ಹಾರ್ಸು. ಒಳಗೆ ಐವತ್ತು ಜನ ಅದಾರೆ, ಯಾರಿಗೆ ಗೊತ್ತಾಗ್ತತಿ?"

ಏಳನೇ ರೀಲು ಮುಗಿಯಿತು... ಒಂಬತ್ತನೆಯದು ಹತ್ತಿತು.

ಏಳನೆಯದರ ಕೊನೆಗೆ ಆ ತಾಯಿ, ಮಗ ಇನ್ನಿಲ್ಲವೆಂದು ತಿಳಿದು, ಆಸ್ಪತ್ರೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಒಂಬತ್ತನೆಯದರಲ್ಲಿ ನೆರೆಮನೆ ಮಕ್ಕಳಿಗೆ ರೊಟ್ಟಿ ಕೊಡುತ್ತಾ ನಗುತ್ತಿದ್ದಳು.

ಮ್ಯಾಟಿನಿಯನ್ನು ಇನ್ನೊಬ್ಬ ಆಪರೇಟರಿಗೆ ಒಪ್ಪಿಸಿ ಕೆಳಗಿಳಿದ. ಸೊಸೈಟಿಯ ಮೇಷ್ಟರೊಬ್ಬರು "ಆ ಜಿಗಿತ ಐತಲ್ಲ, ನಿರ್ದೇಶಕನ ಪ್ರತಿಭೆ ಅಂದ್ರೆ ಅದು" ಅಂತ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕೊರೆದರು. ಕೊಟ್ರೇಶಪ್ಪನಿಗೆ ಒಳಗೊಳಗೇ ನಗು.

ಮನೆಗೆ ಹೋಗುವಾಗ ನಿಂಬಕ್ಕ ಕೇಳಿದಳು... "ಮಗನ್ನ ಕಳ್ಕಂಡಾಕಿ ಅಷ್ಟು ಬೇಗ ಹೆಂಗೆ ನಕ್ಲು ರೀ?"

ಹಾರಿಸಿದ್ದು ನಾನೇ ಅನ್ನಲು ಬಾಯಿ ಬರಲಿಲ್ಲ. "ಪರದೇಶದೋರು ಹಂಗೇ ಕಣೆ... ಅವರಿಗೆ ಬೇಗ ಮರ್ತು ಹೋಗ್ತತಿ" ಅಂದುಬಿಟ್ಟ.

"ನಂಗೆ ಹಂಗೆ ಬರಲ್ಲ" ಅಂದಳು.

ಆಮೇಲೆ ಪ್ರತಿ ವರ್ಷ, ಮಗ ಹೋದ ದಿನ, ಅದೇ ಪ್ರಶ್ನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ... ಅವನು ಪ್ರತಿ ಸಲ ಮಾತು ತೇಲಿಸಿದ. ಆ ರೀಲಿನಲ್ಲಿ ಏನಿತ್ತೆಂದು ಅವನಿಗಾದರೂ ಎಲ್ಲಿ ಗೊತ್ತಿತ್ತು?

ಹೋದ ವರ್ಷ ನಿಂಬಕ್ಕ ತೀರಿಕೊಂಡಳು. ಅಷ್ಟು ವರ್ಷ ಜೊತೆಗಿದ್ದರೂ ಅವಳು ಮನಸಾರೆ ನಕ್ಕಿದ್ದು ಅವನಿಗೆ ನೆನಪಿಲ್ಲ.

ಮೊನ್ನೆ ಅದೇ ಸಿನಿಮಾ ಮತ್ತೆ ಊರಿಗೆ ಬಂತು. ಜಗತ್ತಿನ ಹಳೇ ಒಳ್ಳೇ ಸಿನಿಮಾಗಳನ್ನು ತೊಳೆದು ತಿಕ್ಕಿ ಮತ್ತೆ ದೊಡ್ಡ ಪರದೆಗೆ ತರುತ್ತಿದ್ದಾರಂತೆ... ಕಾಲೇಜಿನವರು ಏರ್ಪಡಿಸಿದ ಶೋ.

ಪೋಸ್ಟರಿನ ಮೇಲಿದ್ದ ಸಿನಿಮಾದ ಹೆಸರನ್ನು ಕೊಟ್ರೇಶಪ್ಪ ಎರಡು ಸಲ ಓದಿದ. ಕೇಳುವವಳು ಈಗಿಲ್ಲ... ಆದರೂ ಅವಳ ಪ್ರಶ್ನೆಗೆ ಉತ್ತರ ಬೇಕಿತ್ತು. ಹೋಗಿ ಕೂತ.

ಆಸ್ಪತ್ರೆಯ ಬಾಗಿಲು ಬಂತು... ಅವನು ಹಾರಿಸಿದ್ದ ಹತ್ತು ನಿಮಿಷ ಶುರುವಾಯಿತು.

ಮುದುಕಿ ನರ್ಸೊಬ್ಬಳು ಬಂದು ತಾಯಿಯ ಕೈಯನ್ನು ತನ್ನ ಮಡಿಲ ಮೇಲೆ ಇಟ್ಟುಕೊಂಡಳು. ಮಗು ಇಲ್ಲೇ ತಲೆಯಿಟ್ಟು ನಿದ್ದೆಯಲ್ಲೇ ಹೋಯಿತು ಎಂದು ಸನ್ನೆಯಲ್ಲೇ ತೋರಿಸಿದಳು. ನಿನ್ನಿಂದಾದರೂ ಏನು ಮಾಡಲಾಗುತ್ತಿತ್ತು ಎಂಬಂತೆ ತಲೆ ನೇವರಿಸಿದಳು.

ಆಗ ಆ ತಾಯಿ ಅತ್ತಳು... ಗೋಡೆಯಷ್ಟು ದೊಡ್ಡ ಪರದೆಯ ತುಂಬ ಅವಳ ಮುಖ. ಅಳು ತಾನಾಗಿ ಮುಗಿಯುವವರೆಗೂ ಕ್ಯಾಮೆರಾ ಕದಲಲಿಲ್ಲ.

ಒಂದು ಮಾತೂ ಇರಲಿಲ್ಲ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲು ಬೇಕಿರಲಿಲ್ಲ, ಓದು ಬೇಕಿರಲಿಲ್ಲ. ನಿಂಬಕ್ಕನಿಗೆ ಅರ್ಥವಾಗುತ್ತಿತ್ತು.

ಆ ತಾಯಿ ಮಗನನ್ನು ಮರೆತು ನಕ್ಕಿರಲಿಲ್ಲ... ಅತ್ತು ನಕ್ಕಿದ್ದಳು.

ದೀಪ ಹತ್ತಿದಾಗ ಕಾಲೇಜು ಹುಡುಗಿಯೊಬ್ಬಳು ಹತ್ತಿರ ಬಂದಳು. "ಅಜ್ಜಾ, ಯಾಕೆ ಅಳ್ತಿದೀರಿ? ಸಿನಿಮಾ ಅಷ್ಟು ಚೆನ್ನಾಗಿತ್ತಾ?"

"ಚಲೋ ಐತವ್ವ... ಇದನ್ನ ನೋಡ್ಬೇಕಾದಾಕಿ ನಲವತ್ತು ವರ್ಷ ನನ್ನ ಮನಿಯಾಗೇ ಇದ್ಲು. ನಾನೇ ತೋರಿಸ್ಲಿಲ್ಲ."

ದುಃಖ ಹಾರಿಸಿಬಿಡುವ ಭಾಗವಲ್ಲ... ನಗು ಬರುವುದಾದರೆ ಅದನ್ನು ದಾಟಿಯೇ ಬರಬೇಕು.

ನಿಮ್ಮ ಮನೆಯಲ್ಲಿ ಯಾರ ಪ್ರಶ್ನೆಗೆ ನೀವಿನ್ನೂ ನಿಜ ಹೇಳಿಲ್ಲ? ಅವರು ಇನ್ನೂ ಇದ್ದಾರಲ್ಲ... ಇವತ್ತೇ ಹೇಳಬಾರದೇ?