ಬ್ರೇಕಮ್ಮನ ಬಡ್ತಿ

ಬ್ರೇಕಮ್ಮ ತನ್ನ ಮೇಜಿನ ಖಾನೆ ಖಾಲಿ ಮಾಡಿಕೊಂಡೇ ವ್ಯವಸ್ಥಾಪಕ ನಿರ್ದೇಶಕರ ಕೋಣೆಗೆ ಬಂದಳು. ಕೈಚೀಲದಲ್ಲಿ ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಹಳೆಯ ಸ್ಕ್ರೂಡ್ರೈವರ್. ನೌಕರಿ ಹೋಗುವುದು ಖಚಿತ. ಹೋಗುವ ಮುನ್ನ ಇನ್ನೊಮ್ಮೆ ಹೇಳಿಬಿಡಬೇಕೆಂಬ ಹಟವಿತ್ತು.

ಕಂಪನಿ ಲಿಫ್ಟ್ ತಯಾರಿಸುತ್ತಿತ್ತು. ಆಕೆ ಅದರ ಗುಣಪರೀಕ್ಷಕಿ; ಬ್ರೇಕಮ್ಮ ಎಂಬುದು ಅಲ್ಲಿಯವರಿಟ್ಟ ಅಡ್ಡಹೆಸರು. ಹೊಸ ಮಾದರಿಯ ಬ್ರೇಕು ಬಿಸಿಯೇರಿದರೆ ಜಾರುತ್ತದೆ, ಮಾರಿದ್ದನ್ನೆಲ್ಲ ನಿಲ್ಲಿಸಿ ಎಂದು ಬೆಳಗಿನ ಸಭೆಯಲ್ಲಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ‘ನಮ್ಮ ಮೌಲ್ಯಗಳು’ ಎಂದು ಹಿತ್ತಾಳೆಯಲ್ಲಿ ಕೆತ್ತಿಸಿದ ಗೋಡೆಯ ಕೆಳಗೆ ಕೂತ ನಿರ್ದೇಶಕರೆಲ್ಲ, ಮೌನವೂ ಒಂದು ಮೌಲ್ಯವೆಂಬಂತೆ, ಅದನ್ನು ಶ್ರದ್ಧೆಯಿಂದ ಪಾಲಿಸಿದ್ದರು.

“ಕೂತ್ಕೋ ತಾಯಿ,” ಎಂದರು ಕಂಪನಿಯ ಯಜಮಾನರು. ತೋರಿಸಿದ್ದು ವ್ಯವಸ್ಥಾಪಕ ನಿರ್ದೇಶಕನಾಗಿದ್ದ ತಮ್ಮ ಅಳಿಯನ ಕುರ್ಚಿಯನ್ನು. “ಇನ್ಮೇಲೆ ಇದು ನಿಂದು. ಕಂಪನಿ ನಡೆಸೋಳು ನೀನೇ.”

“ತಮಾಷೆ ಬೇಡ ಸರ್. ನಾನಿಲ್ಲಿ ಕೂತ್ರೆ ಮೊದಲು ಲಿಫ್ಟ್ ನಿಲ್ಲಿಸ್ತೀನಿ.”

“ನಿಲ್ಸು. ಯಾರು ಬೇಡ ಅಂದ್ರು? ಹೊಣೆ ಹೊರೋರು ಬೇಕಾಗಿತ್ತಮ್ಮ ನಮಗೆ. ಇಂಥವರು ಎಲ್ಲಿ ಸಿಗ್ತಾರೆ?”

ಆಕೆ ಅಲ್ಲಿಂದಲೇ ಫೋನೆತ್ತಿ ಅಷ್ಟೂ ಲಿಫ್ಟುಗಳನ್ನು ನಿಲ್ಲಿಸಲು ಹೇಳಿದಳು. ಯಜಮಾನರು ತಲೆದೂಗಿದರು.

ಕುರ್ಚಿ ಕಳೆದುಕೊಂಡವನ ಮುಖ ನೋಡಲು ಆಕೆಗೆ ಸಂಕೋಚ. ಆದರೆ ಅಳಿಯ ಅರಳಿ ನಿಂತಿದ್ದ. ಪಾಪ, ಬಹಳ ದಣಿದಿದ್ದ. ಹೋದ ವಾರದಿಂದ ಗ್ರಾಹಕರ ದೂರಿನ ಫೋನುಗಳನ್ನೆಲ್ಲ ತನ್ನ ಮೇಜಿಗೇ ತರಿಸಿಕೊಂಡು, ಯಾರ ಕಿವಿಗೂ ತೊಂದರೆ ಕೊಡದೆ ತಾನೊಬ್ಬನೇ ಉತ್ತರಿಸುತ್ತಿದ್ದ. ನಾಯಕತ್ವವೆಂದರೆ ಇದು ಎಂದು ನಿರ್ದೇಶಕರೆಲ್ಲ ಹೊಗಳಿದ್ದರು.

“ಸಹಿ ಹಾಕಿ ಅಕ್ಕ,” ಎಂದು ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಅಕ್ಕ ಎಂದದ್ದು ಇದೇ ಮೊದಲು.

ಆಕೆ ನೇಮಕದ ಆದೇಶ ಓದಿದಳು. “ಒಂದನೇ ತಾರೀಖಿನಿಂದ ಅಂತಿದೆ. ಆಗ್ಲೇ ಅರ್ಧ ತಿಂಗಳು ಕಳೀತಲ್ಲ?”

“ಬಡ್ತಿ ಯಾವಾಗ ಕೊಟ್ರೂ ಒಂದನೇ ತಾರೀಖಿಂದಾನೇ. ಹೆಚ್ಚಿನ ಸಂಬಳನೂ ಆವತ್ತಿಂದ್ಲೇ. ನಮ್ಮ ಪದ್ಧತಿ,” ಎಂದರು ಯಜಮಾನರು.

ಪದ್ಧತಿ ನಿಜವೇ. ಉದುರಿದ ಹಣ್ಣು ಯಾರ ತೋಟದ್ದೆಂದು ಇಲ್ಲಿ ಈವರೆಗೆ ಯಾರೂ ಕೇಳಿರಲಿಲ್ಲ. ಬ್ರೇಕಮ್ಮ ತಾರೀಖಿನ ಮೇಲೆ ಗೀಟೆಳೆದಳು. ಪಕ್ಕದಲ್ಲಿ ಇಂದಿನದನ್ನು ಬರೆದು ಸಹಿ ಹಾಕಿದಳು.

“ಅಯ್ಯೋ, ಏನ್ ಮಾಡಿದ್ರಿ ಅಕ್ಕ?”

“ಮಾಡದ ಕೆಲಸಕ್ಕೆ ಸಂಬಳ ಯಾಕೆ? ಅಷ್ಟು ದಿನ ಈ ಕುರ್ಚೀಲಿದ್ದವರು ನೀವು. ಅದರ ಫಲ ನಿಮಗೇ ಸೇರ್ಬೇಕು.”

“ನಂಗ್ಬೇಡ. ಎಲ್ಲಾ ನೀವೇ ಇಟ್ಕೊಳ್ಳಿ. ಕೈ ಮುಗೀತೀನಿ.”

ಅಳಿಯ ನಿಜಕ್ಕೂ ಕೈ ಮುಗಿದಿದ್ದ. ಆಕೆಯ ಕಣ್ಣುಗಳು ತೇವಗೊಂಡವು. ಇಷ್ಟು ವರ್ಷ ಈ ಮನುಷ್ಯನನ್ನು ತಪ್ಪು ತಿಳಿದೆನಲ್ಲ ಎಂದು ಮನಸ್ಸು ಹಿಂಡಿತು.

“ಬಂದದ್ದನ್ನ ಕಾಲಲ್ಲಿ ಒದೀಬಾರ್ದು ತಾಯಿ,” ಎಂದರು ಯಜಮಾನರು. “ದೊಡ್ಡವರ ಮಾತು ಕೇಳು.”

“ಇಂಥವರು ಎಲ್ಲಿ ಸಿಗ್ತಾರೆ ಅಂದವರು ನೀವೇ ಅಲ್ವಾ ಸರ್?”

ಮಾವ ಅಳಿಯನ ಕಡೆ ನೋಡಿದರು. “ಮಾವ, ಒಂದೇ ನಿಮಿಷ. ಇನ್ನೊಂದು ಪ್ರತಿ ಟೈಪ್ ಮಾಡಿಸ್ಕೊಂಡ್ ಬರ್ತೀನಿ,” ಎಂದು ಅಳಿಯ ಓಡಿಹೋಗಿ ಬಾಗಿಲು ತೆಗೆದ. ಹೊಸ್ತಿಲಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ನಿಂತಿದ್ದರು. ಟೋಪಿ ತೆಗೆದು, ಕಂಕುಳಲ್ಲಿಟ್ಟುಕೊಂಡು, ಬಹಳ ಸೌಜನ್ಯದಿಂದ ಕೇಳಿದರು:

“ಹೋದ ಸೋಮವಾರ ನಿಮ್ಮ ಲಿಫ್ಟ್ ಬಿದ್ದು ಮೂವರ ಕಾಲು ಮುರೀತಲ್ಲ, ಆವತ್ತು ಈ ಕುರ್ಚೀಲಿದ್ದವರು ಯಾರು?”